ಬಾವಿಯೊಳಗಿನ ಇಂಜಿನ್

ಗಾಂಧಿನಗರ, ಬಳ್ಳಾರಿ
೧೧ ನವೆಂಬರ್ ೨೦೨೪

ಲೇ ಶೀಲಾ,

ಬದುಕಿದ್ದೇನೆ. ಎಡಗಿವಿ ಪೂರ್ತಿ ಹೋಯಿತು, ಬಲಗಿವಿ ಹೋಗುವ ದಾರಿಯಲ್ಲಿದೆ. ಫೋನಿನಲ್ಲಿ ನಿನ್ನ ಮಾತು ಡಬ್ಬಿಯೊಳಗೆ ಹೊಕ್ಕ ಸೊಳ್ಳೆಯ ಹಾಗೆ ಕೇಳುತ್ತದೆ. ನಾಲ್ಕನೇ ಕ್ಲಾಸು ಓದಿದ ಕೈ ಇನ್ನೂ ಗಟ್ಟಿ ಇದೆ, ಅದಕ್ಕೇ ಕಾಗದ. ನಿಮ್ಮಮ್ಮ ಸಾಲಿಗೆ ಹೋಗುವಾಗ ಪೋಸ್ಟಿಗೆ ಹಾಕುತ್ತಾಳೆ. ಅಂಟಿಸಿಯೇ ಕೊಡುತ್ತೇನೆ, ಟೀಚರಮ್ಮನಿಗೆ ಒತ್ತು ದೀರ್ಘ ತಿದ್ದುವ ಚಟ.

ದೀಪಾವಳಿಗೆ ಬಂದಾಗ ನಿನ್ನ ಕೆಲಸ ಏನೆಂದು ತಿಳಿಸಿದೆ. ಇಂಜಿನ್ ಮುಟ್ಟದೆ, ಎಣ್ಣೆ ಸುರಿಯದೆ, ಬೆಂಕಿ ಹಚ್ಚದೆ ಪುಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಇಂಜಿನ್ ಓಡಿಸುತ್ತೀಯಂತೆ. ಒಳಗೆ ಬೆಂಕಿ ಹೇಗೆ ಹತ್ತುತ್ತದೆ, ಕಾವು ಎತ್ತ ಹೋಗುತ್ತದೆ, ಹೊಗೆ ಎಷ್ಟು, ಅದರಲ್ಲಿ ವಿಷ ಎಷ್ಟು, ಎಲ್ಲ ಅಂಕಿಯಲ್ಲೇ ಬರುತ್ತದಂತೆ. ಉಣ್ಣದೆ ತೇಗುವವರನ್ನು ನೋಡಿದ್ದೆ, ಅದಕ್ಕೆ ಸಂಬಳ ತೆಗೆದುಕೊಳ್ಳುವವಳನ್ನು ಈಗ ನೋಡಿದೆ. ಆದರೆ ನೀನು ಇನ್ನೊಂದು ಮಾತು ಆಡಿದೆ. ಹಿಂದೆ ಕೆಟ್ಟುಹೋದ ಇಂಜಿನ್ನನ್ನೂ ಮತ್ತೆ ಓಡಿಸಿ, ಯಾಕೆ ಕೆಟ್ಟಿತು ಅಂತ ಹೇಳಬಹುದು ಎಂದೆ. ಆಗ ನಾನು ಎದ್ದು ಒಳಗೆ ಹೋದೆ. ನೀನು ನೋಡಿರಲಿಕ್ಕಿಲ್ಲ.

ಹೋದ ಗುರುವಾರ ಒಬ್ಬ ಹೆಂಗಸು ಬಾಗಿಲಿಗೆ ಬಂದಳು. ನಿಮ್ಮಮ್ಮ ಸಾಲಿಯಲ್ಲಿದ್ದಳು.

"ನಾನು ಮೂಕಪ್ಪನ ಮಗಳು ಮೀನಾ ರೀ. ಸಿರುಗುಪ್ಪದಿಂದ ಬಂದೀನಿ."

"ಯಾವ ಮೂಕಪ್ಪ?" ಅಂದೆ. ಗೊತ್ತಿದ್ದೇ ಕೇಳಿದೆ.

"ನೀವು ಮಣ್ಣು ತೂರಿದ ಮೂಕಪ್ಪ."

ಅಕ್ಕಿ ಮಿಲ್ಲಿನ ಹೊಟ್ಟಿನ ಧೂಳು ಕುಡಿದು ಅವನ ಪುಪ್ಪುಸ ಹೋಗಿದೆಯಂತೆ. ಬೇಸಿಗೆ ಕಂಡರೆ ಹೆಚ್ಚು ಅಂದಿದ್ದಾರಂತೆ ಡಾಕ್ಟರು. "ಅಪ್ಪ ಒಂದಽ ಕೇಳ್ತಾನ್ರೀ, ಆ ಜಾಯಿಂಟು ನಾನು ತಪ್ಪು ಕೂಡಿಸಿದ್ನೇನು ಅಂತ. ತಪ್ಪಾಗಿದ್ರ ತಪ್ಪು ಅಂತ ತಿಳಕೊಂಡು ಸಾಯ್ತಾನಂತ. ಆಗಿಲ್ಲಂದ್ರ ಅದನ್ನ ನಿಮ್ಮ ಬಾಯಿಲೆ ಕೇಳಬೇಕಂತ."

"ಇಪ್ಪತ್ತಾರು ವರ್ಷ ಆತವ್ವ, ಈಗ ಯಾಕ ಕೆದಕ್ತೀರಿ?"

"ನಿಮಗ ಇಪ್ಪತ್ತಾರು ವರ್ಷ ಆಗೇತ್ರೀ. ನಮ್ಮಪ್ಪಗ ಇನ್ನಾ ಅದಽ ದಿನ ನಡದೈತಿ."

ನೀರು ಕೊಟ್ಟೆ, ಕುಡಿಯಲಿಲ್ಲ. ಹೋದಳು.

ನಿಮ್ಮಪ್ಪ ದೊಡ್ಡಬಸವರಾಜ ತೀರಿಹೋದಾಗ ನೀನು ಒಂದೂವರೆ ವರ್ಷದವಳು. ನಿನಗೆ ನಾವು ಹೇಳಿದ್ದು ಇಷ್ಟು. ಕುರುಗೋಡಿನ ಹೊಲದ ಬಾವಿಯಲ್ಲಿ ನೀರು ಆಳಕ್ಕೆ ಹೋಗಿತ್ತು. ಮೇಲಿಂದ ಎಳೆದರೆ ನೀರು ಹತ್ತುವುದಿಲ್ಲವೆಂದು ಡೀಸೆಲ್ ಇಂಜಿನ್ನನ್ನೇ ಬಾವಿಯೊಳಗೆ, ಕಲ್ಲಿನ ಕಟ್ಟೆಯ ಮೇಲೆ ಇಳಿಸಿದ್ದೆವು. ಹೊಗೆ ಹೋಗಲು ಉದ್ದ ಕೊಳವೆ ಬಾವಿಯ ಮೇಲಿನ ತನಕ ಇತ್ತು. ಇಂಜಿನ್ ನೋಡುವವನು ಮೂಕಪ್ಪ. ಅವತ್ತು ಅವನು ಜಾಗದಲ್ಲಿರಲಿಲ್ಲ. ಕೊಳವೆಯ ಕೆಳಗಿನ ಜಾಯಿಂಟು ಕಳಚಿ ಹೊಗೆ ಬಾವಿಯಲ್ಲೇ ತುಂಬಿತು. ಬಂದ್ ಮಾಡಲು ಇಳಿದ ನಿಮ್ಮಪ್ಪ ಮೇಲೆ ಬರಲಿಲ್ಲ. ಮೂಕಪ್ಪ ಜಾಯಿಂಟು ಸರಿಯಾಗಿ ಕೂಡಿಸಿರಲಿಲ್ಲವೆಂದು ಊರೆಲ್ಲ ಹೇಳಿತು. ನಾನು ಊರ ಕಟ್ಟೆಯ ಮುಂದೆ ಹಿಡಿ ಮಣ್ಣು ತೂರಿ ಅವನಿಗೆ ಶಾಪ ಹಾಕಿದೆ. ಆಮೇಲೆ ಅವನಿಗೆ ಆ ಊರಲ್ಲಿ ಯಾರೂ ಕೆಲಸ ಕೊಡಲಿಲ್ಲ.

ನಿನ್ನ ಮಷೀನಿನಲ್ಲಿ ಆ ಇಂಜಿನ್ನನ್ನು ಒಂದು ಸಲ ಓಡಿಸು. ಮೂಕಪ್ಪನದೇ ತಪ್ಪು ಅಂತ ಬಂದರೆ ಮೀನಾಳಿಗೆ ತಿಳಿಸಿ ಮುಗಿಸೋಣ. ನಿಮ್ಮಮ್ಮನಿಗೆ ಈಗಲೇ ಏನೂ ಹೇಳಬೇಡ.

ನಿನ್ನ ಅಜ್ಜಿ
ವೀರಭದ್ರಮ್ಮ


ಪುಣೆ
೨೪ ನವೆಂಬರ್ ೨೦೨೪

ಅಜ್ಜಿ,

ಕಾಗದವನ್ನು ಆಫೀಸಿಗೆ ಒಯ್ದು ಊಟದ ಹೊತ್ತಿನಲ್ಲಿ ಮೂರು ಸಲ ಓದಿದೆ. ಅಪ್ಪ ಸತ್ತದ್ದರ ಬಗ್ಗೆ ಮನೆಯಲ್ಲಿ ಯಾರೂ ಇಷ್ಟು ಮಾತು ಒಟ್ಟಿಗೆ ಹೇಳಿರಲಿಲ್ಲ. ನಾನು ಈ ವಿದ್ಯೆಗೇ ಯಾಕೆ ಬಂದೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ.

ಮಾಡುತ್ತೇನೆ. ಆದರೆ ಕಂಪ್ಯೂಟರಿಗೆ ಊಹೆ ಸಾಲದು, ಅಳತೆ ಬೇಕು. ಬಾವಿಯ ಅಗಲ, ಆಳ, ನೀರು ಎಲ್ಲಿತ್ತು, ಇಂಜಿನ್ ಎಲ್ಲಿತ್ತು. ಎಷ್ಟು ಹಾರ್ಸ್‌ಪವರ್. ಎಷ್ಟು ಹೊತ್ತು ಓಡಿತು. ಕೊಳವೆ ಎಷ್ಟು ದಪ್ಪ, ಅದರ ಬಾಯಿ ಎಲ್ಲಿತ್ತು. ಹೊಗೆಯ ಬಣ್ಣ, ಇಂಜಿನ್ನಿನ ಸದ್ದು. ನೆನಪಿದ್ದದ್ದೆಲ್ಲ ಬರೆ. ಸಣ್ಣದೆಂದು ಯಾವುದನ್ನೂ ಬಿಡಬೇಡ.

ನಿನ್ನ ಮೊಮ್ಮಗಳು
ಶೀಲಾ


ಗಾಂಧಿನಗರ, ಬಳ್ಳಾರಿ
೯ ಡಿಸೆಂಬರ್ ೨೦೨೪

ಶೀಲಾ,

ಪೊಲೀಸರೂ ಇಷ್ಟು ಕೇಳಿರಲಿಲ್ಲ.

ನಿಮ್ಮ ಚಿಕ್ಕಜ್ಜ ಗಾದಿಲಿಂಗಪ್ಪ ಈಗ ಆ ಹೊಲ ಮಾಡುತ್ತಾನಲ್ಲ, ಅವನಿಗೆ ಹೇಳಿ ಹಗ್ಗ ಬಿಡಿಸಿ ಅಳೆಸಿದೆ. "ಬತ್ತಿದ ಬಾವಿ ಅಳದು ಏನ್ ಮಾಡ್ತೀರಿ ಅತ್ತಿಗೆಮ್ಮ, ಸ್ವಿಮ್ಮಿಂಗ್ ಪೂಲ್ ಕಟ್ಟಸ್ತೀರೇನು?" ಅಂದ. ನಿನ್ನ ಬುದ್ಧಿ ಮುಳುಗಿಸೋಕೆ ಅಷ್ಟು ನೀರು ಬೇಕಿಲ್ಲ ಅಂದೆ. ಅಗಲ ಹನ್ನೆರಡು ಅಡಿ, ಆಳ ನಲವತ್ತೈದು. ಆಗ ನೀರು ಮೂವತ್ತೆರಡಕ್ಕೆ ಇತ್ತು, ಇಂಜಿನ್ ಇಪ್ಪತ್ತೆಂಟಕ್ಕೆ. ಐದು ಹಾರ್ಸ್‌ಪವರ್, ಒಂದೇ ಸಿಲಿಂಡರು. ಕೊಳವೆ ನನ್ನ ಮುಂಗೈಯಷ್ಟು ದಪ್ಪ. ಬಾಯಿ ಬಾವಿಯ ದಂಡೆಯ ಮೇಲೆ ನನ್ನ ಎದೆಯ ಮಟ್ಟಕ್ಕೆ.

ಶಿವರಾತ್ರಿ ಇನ್ನೂ ನಾಲ್ಕು ದಿನ ಇತ್ತು. ಮೆಣಸಿನಕಾಯಿ ಬಿಡಿಸಿ ದಂಡೆಯ ಪಕ್ಕದ ಕಣದಲ್ಲಿ ಒಣಹಾಕಿದ್ದೆವು. ಬೆಳಗಿನ ಊಟದ ಹೊತ್ತಿಗೆ ಇಂಜಿನ್ ಚಾಲೂ ಆಯಿತು. ಒಂದು ತಾಸಿನ ಮೇಲೆ ಓಡಿರಬೇಕು. ಮೊದಲು ಸದ್ದು ಸರಿಯಾಗಿತ್ತು. ಆಮೇಲೆ ಉಸಿರು ಹಿಡಿದವನು ಕೆಮ್ಮಿದ ಹಾಗೆ ಕೆಮ್ಮಿತು. ಬಾವಿಯಿಂದ ಕರಿ ಹೊಗೆ ಎದ್ದಿತು. ನಿಮ್ಮಪ್ಪ ಇಳಿದ. ಆಮೇಲಿನದು ನಿನಗೆ ಗೊತ್ತು.

ಇಷ್ಟೇ. ಬೇರೆ ಏನೂ ಇರಲಿಲ್ಲ.

ಅಜ್ಜಿ
ವೀರಭದ್ರಮ್ಮ


ಪುಣೆ
೧೨ ಜನವರಿ ೨೦೨೫

ಅಜ್ಜಿ,

ಆಫೀಸಿನ ಕೆಲಸ ಮುಗಿದ ಮೇಲೆ, ರಜೆಯ ದಿನಗಳಲ್ಲಿ ಇದನ್ನೇ ಮಾಡಿದೆ. ಹನ್ನೊಂದು ಸಲ ಓಡಿಸಿದೆ.

ಮೊದಲು ಊರು ಹೇಳಿದಂತೆಯೇ ಹಾಕಿದೆ: ಜಾಯಿಂಟು ಮೊದಲಿನಿಂದಲೇ ಸಡಿಲ, ಮೇಲೆ ಕೊಳವೆಯ ಬಾಯಿ ಬಿಚ್ಚಿದೆ. ಡೀಸೆಲ್ ಇಂಜಿನ್ ಉಸಿರಾಡಲು ಗಾಳಿ ಸಾಕಷ್ಟಿದ್ದರೆ ಅದರ ಹೊಗೆಯಲ್ಲಿ ವಿಷ ಬಹಳ ಕಡಿಮೆ. ಅಷ್ಟೂ ಹೊಗೆ ಬಾವಿಯಲ್ಲೇ ಉಳಿದರೂ ಒಂದು ತಾಸಿಗೆ ತಲೆನೋವು ಬಂದೀತು, ಸಾವು ಬರುವುದಿಲ್ಲ. ಸದ್ದೂ ಬದಲಾಗುವುದಿಲ್ಲ. ನೀನು ಹೇಳಿದ ಕೆಮ್ಮು, ಕರಿ ಹೊಗೆ ಎರಡೂ ಬರಲಿಲ್ಲ. ಜಾಯಿಂಟನ್ನು ಇನ್ನೂ ಸಡಿಲ ಮಾಡಿದೆ, ಡೀಸೆಲ್ ಹೆಚ್ಚು ಬಿಟ್ಟೆ, ಮೇಲೆ ಬೀಸುವ ಗಾಳಿ ನಿಲ್ಲಿಸಿದೆ. ಹೊಂದಲಿಲ್ಲ.

ಒಂದೇ ಒಂದು ರೀತಿಯಲ್ಲಿ ಎಲ್ಲ ಹೊಂದಿತು. ಕೊಳವೆಯ ಮೇಲಿನ ಬಾಯನ್ನು ಮುಕ್ಕಾಲು ಮುಚ್ಚಿದಾಗ. ಹೊಗೆ ಹೊರಗೆ ಹೋಗಲಾರದೆ ಒತ್ತಡ ಏರುತ್ತದೆ, ಇಂಜಿನ್ ಕೆಮ್ಮುತ್ತದೆ. ಗಟ್ಟಿಯಾಗಿ ಕೂಡಿಸಿದ ಜಾಯಿಂಟೂ ಆ ಒತ್ತಡಕ್ಕೆ ಕಳಚುತ್ತದೆ. ಆಮೇಲೆ ಇಂಜಿನ್ ತನ್ನ ಹೊಗೆಯನ್ನೇ ತಾನು ಕುಡಿಯುತ್ತದೆ. ಗಾಳಿ ಸಾಲದೆ ಬೆಂಕಿ ಅರೆಬರೆ ಉರಿದು ವಿಷ ನೂರು ಪಟ್ಟು ಹೆಚ್ಚುತ್ತದೆ. ಅದರೊಳಗೆ ಇಳಿದವರಿಗೆ ಎರಡು ನಿಮಿಷವೂ ಸಿಗುವುದಿಲ್ಲ.

ಜಾಯಿಂಟು ಕಳಚಿದ್ದರಿಂದ ಇದು ಆದದ್ದಲ್ಲ. ಇದರಿಂದ ಜಾಯಿಂಟು ಕಳಚಿತು.

ಅಜ್ಜಿ, ಕೊಳವೆಯ ಬಾಯಿಯ ಮೇಲೆ ಅವತ್ತು ಏನಿತ್ತು?

ನಿನ್ನ ಮೊಮ್ಮಗಳು
ಶೀಲಾ


ಗಾಂಧಿನಗರ, ಬಳ್ಳಾರಿ
೨ ಮಾರ್ಚ್ ೨೦೨೫

ಶೀಲಾ,

ನಿನ್ನ ಕಾಗದ ಬಂದು ಆರು ವಾರ ಆಯಿತು. ಅಜ್ಜಿ ಉತ್ತರ ಬರೆದಳೇ ಎಂದು ನೀನು ಎರಡು ಸಲ ನಿಮ್ಮಮ್ಮನಿಗೆ ಫೋನು ಮಾಡಿದ್ದೂ ಗೊತ್ತು. ಕೈ ನೋವು ಅಂತ ಹೇಳಿಸಿದೆ. ಕೈಗೆ ಏನೂ ಆಗಿರಲಿಲ್ಲ.

ಶಿವರಾತ್ರಿಯ ಮರುದಿನ ಹಲಕುಂದಿ ಮಠಕ್ಕೆ ಹೋಗಿದ್ದೆ. ಅಲ್ಲಿ ಹೇಳಿ ಬಂದರೆ ಹಗುರಾದೀತು ಅಂದುಕೊಂಡಿದ್ದೆ. ಗದ್ದುಗೆಯ ಮುಂದೆ ಕೂತೆ. ಬಾಯಿ ತೆರೆಯುವ ಮೊದಲೇ ತಿಳಿಯಿತು, ಇದು ಕಳ್ಳದಾರಿ ಅಂತ. ದೇವರಿಗೆ ಗೊತ್ತಿಲ್ಲದ್ದು ಏನಿತ್ತು, ನಾನು ಹೊಸದಾಗಿ ಹೇಳೋಕೆ? ಗೊತ್ತಿಲ್ಲದ್ದು ಮೂಕಪ್ಪನಿಗೆ.

ಗೋಣಿಚೀಲ ಇತ್ತು.

ಗಾಳಿ ಕಣದ ಕಡೆ ತಿರುಗಿತ್ತು. ಕೊಳವೆಯ ಮಸಿ ಉದುರಿ ಕೆಂಪಗೆ ಹರವಿದ ಕಾಯಿಯ ಮೇಲೆ ಕೂರುತ್ತಿತ್ತು. ಮಸಿ ಹತ್ತಿದ ಕಾಯಿಯನ್ನು ನಾನು ಕಂಡವಳಲ್ಲ. ನನ್ನ ಕಣದ ಕಾಯಿ ನೋಡಲು ಬೇರೆ ಊರಿನ ಹೆಂಗಸರು ಬರುತ್ತಿದ್ದರು. ಅಷ್ಟು ಸೊಕ್ಕು. ಹಿಂದಿನ ದಿನವೇ ಮೂಕಪ್ಪನಿಗೆ ಕೇಳಿದ್ದೆ, ಇದರ ಬಾಯಿಗೆ ಏನಾದರೂ ಕಟ್ಟು ಅಂತ. "ಬ್ಯಾಡ್ರಿ ಅಮ್ಮಾರ, ಹೊಗಿ ಹೊಳ್ಳಿ ಇಂಜಿನ್ನಿಗೇ ಬರತೈತಿ," ಅಂದ. ಕೂಲಿಯವನು ನನಗೆ ಬುದ್ಧಿ ಹೇಳುವುದೇ ಅನ್ನಿಸಿತು. ಅವತ್ತು ಅವನಿಲ್ಲದ ಹೊತ್ತಿನಲ್ಲಿ ಚೀಲ ನೀರಿನಲ್ಲಿ ಅದ್ದಿ, ಎರಡು ಮಡಿಕೆ ಮಾಡಿ, ಕೊಳವೆಯ ಬಾಯಿಗೆ ಹೊದಿಸಿ ಸುತ್ತ ಹಗ್ಗ ಬಿಗಿದೆ. ಹೊಗೆ ಚೀಲದಲ್ಲಿ ಸೋಸಿ ಹೋಗುತ್ತದೆ, ಮಸಿ ನಿಲ್ಲುತ್ತದೆ ಅಂತ ನನ್ನ ಲೆಕ್ಕ. ಹಾಲು ಸೋಸುವವಳ ಬುದ್ಧಿ.

ಬಸವ ಬಿದ್ದನೆಂದು ಜನ ಕೂಗಿಕೊಂಡು ಬಾವಿಯ ಆ ಮಗ್ಗುಲಿಗೆ ಓಡಿದಾಗ ನಾನು ಈ ಮಗ್ಗುಲಿಗೆ ಬಂದು ಚೀಲ ಬಿಚ್ಚಿದೆ. ಮಗ ಒಳಗೆ ಬಿದ್ದಿದ್ದಾನೆ, ನಾನು ಹಗ್ಗದ ಗಂಟು ಬಿಚ್ಚುತ್ತಿದ್ದೇನೆ. ಕಾವಲಿಯ ಹಾಗೆ ಸುಡುತ್ತಿತ್ತು. ಬಿಚ್ಚಿ ಹೊಲದ ಗುಡಿಸಲಿನ ನೀರೊಲೆಗೆ ಹಾಕಿದೆ. ಗೊತ್ತಿಲ್ಲದವಳು ಯಾಕೆ ಬಿಚ್ಚಿ ಸುಟ್ಟಾಳು? ನನ್ನೊಳಗೆ ಯಾರಿಗೋ ಆಗಲೇ ಗೊತ್ತಿತ್ತು. ಅವಳ ಬಾಯಿ ಮುಚ್ಚಲಿಕ್ಕೇ ಮೂಕಪ್ಪನ ಮೇಲೆ ಅಷ್ಟು ಜೋರಾಗಿ ಕೂಗಿದೆ.

ನಿನಗೆ ಬರೆದಾಗಲೂ ಚೀಲ ಬಿಟ್ಟು ಬರೆದೆ. ನೀನು ಸಣ್ಣದನ್ನೂ ಬಿಡಬೇಡ ಅಂದಿದ್ದೆ. ಬಿಟ್ಟರೂ ನಿನ್ನ ಮಷೀನು ಅವನದೇ ತಪ್ಪು ಅನ್ನಲಿ ಅಂತ ಆಸೆ ಇತ್ತು. ಅದು ಹನ್ನೊಂದು ಸಲ ಒಪ್ಪಲಿಲ್ಲ.

ವೀರಭದ್ರಮ್ಮ


ಪುಣೆ
೧೦ ಮಾರ್ಚ್ ೨೦೨೫

ಅಜ್ಜಿ,

ಓದಿದೆ.

ಅಮ್ಮನಿಗೆ ನೀನೇ ಹೇಳು. ನಾನು ಹೇಳುವ ಮೊದಲು ಹೇಳು. ಆಮೇಲೆ ಸಿರುಗುಪ್ಪಕ್ಕೆ ಹೋಗು.

ಲೆಕ್ಕ ಏನು ಹೇಳಿತೆಂಬುದನ್ನು ಎರಡು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಮೀನಾ ಅವರ ಹೆಸರಿಗೆ ಕಳಿಸುತ್ತಿದ್ದೇನೆ. ಚೀಲದ ವಿಷಯ ಅದರಲ್ಲಿಲ್ಲ. ಬಾಯಿ ಮುಚ್ಚಿತ್ತು ಎಂದಷ್ಟೇ ಇದೆ. ಯಾರು ಮುಚ್ಚಿದರು ಎಂದು ಹೇಳುವುದು ನನ್ನ ಕೆಲಸವಲ್ಲ.

ಶೀಲಾ


ಗಾಂಧಿನಗರ, ಬಳ್ಳಾರಿ
೨೪ ಮಾರ್ಚ್ ೨೦೨೫

ಶೀಲಾ,

ನಿಮ್ಮಮ್ಮನಿಗೆ ಹೇಳಿದೆ. ಭಾನುವಾರ, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಹೇಳಿ ಮುಗಿಸಿದೆ. ಅವಳು ಮೊರ ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು. ಆರಿಸಿದ ಅಕ್ಕಿಯನ್ನೇ ಮೂರು ಸಲ ಆರಿಸಿದಳು. ಊಟಕ್ಕೆ ಬಡಿಸಿದಳು, ಉಪ್ಪು, ಖಾರ ಎಲ್ಲ ಸರಿಯಾಗಿತ್ತು. ಕಿವುಡಿಯ ಮನೆಯಲ್ಲಿ ಮೌನ ತಿಳಿಯುವುದಿಲ್ಲ ಅಂತ ನೀನು ತಿಳಿದಿರಬಹುದು. ತಿಳಿಯುತ್ತದೆ.

ಬುಧವಾರ ನಾನೊಬ್ಬಳೇ ಚೀಲಕ್ಕೆ ಸೀರೆ ಹಾಕಿಕೊಂಡು ಹೊರಟಾಗ ಅವಳೂ ಚಪ್ಪಲಿ ಮೆಟ್ಟಿಕೊಂಡು ಬಂದಳು. ಸಿರುಗುಪ್ಪದ ತನಕ ಕಿಟಕಿಯಾಚೆ ನೋಡುತ್ತ ಕೂತಿದ್ದಳು.

ಮೂಕಪ್ಪನ ಮನೆ ಮಿಲ್ಲುಗಳ ಹಿಂದಿನ ಓಣಿಯಲ್ಲಿದೆ. ಮನುಷ್ಯ ಒಣಗಿ ಹಗ್ಗವಾಗಿದ್ದಾನೆ. ಗೋಡೆಗೆ ದಿಂಬು ಒತ್ತಿ ಕೂರಿಸಿದ್ದರು. ನಮ್ಮನ್ನು ನೋಡಿ ಏಳಲು ಹೋದ. ಅದೇ ನನಗೆ ಕಪಾಳಕ್ಕೆ ಬಿದ್ದಂತಾಯಿತು.

ನಿನ್ನ ಹಾಳೆ ಆಗಲೇ ಬಂದಿತ್ತು. ಮೀನಾ ನಮ್ಮೆದುರು ಮತ್ತೊಮ್ಮೆ ಓದಿದಳು. ಕೊಳವೆಯ ಬಾಯಿ ಮುಕ್ಕಾಲು ಮುಚ್ಚಿದ್ದರೆ ಎಂಬಲ್ಲಿಗೆ ಬಂದಾಗ ಅವನು ಕೈ ಎತ್ತಿದ.

"ಪೂರಾ ಮುಚ್ಚಿದ್ರ ಇಂಜಿನ್ ನಿಂತುಬಿಡತಿತ್ತು," ಅಂದ. "ಅದು ನಿಂದ್ರಲಿಲ್ಲ, ಕೆಮ್ಮಿತು. ಅಂದ್ರ ಬಟ್ಟಿನೋ ಚೀಲಾನೋ ಇರಬೇಕು. ಹಸೀದು." ನೀನು ಒಂದು ತಿಂಗಳು ಕೂತು ಕಂಡುಹಿಡಿದದ್ದನ್ನು ಅವನು ಉಸಿರು ಎಳೆಯುತ್ತ ಹಾಸಿಗೆಯಲ್ಲೇ ಹೇಳಿದ. ಇಂಥವನು ಇಪ್ಪತ್ತಾರು ವರ್ಷ ಇಂಜಿನ್ ಮುಟ್ಟಲಿಲ್ಲ ಶೀಲಾ. ತನ್ನ ಕೈಗೆ ತಾನೇ ಹೆದರಿ ಮಿಲ್ಲಿನಲ್ಲಿ ಮೂಟೆ ಹೊತ್ತ.

"ಚೀಲ," ಅಂದೆ. "ನಾನಽ ಕಟ್ಟಿದ್ದೆ."

ಅವನು ನನ್ನನ್ನು ನೋಡಲಿಲ್ಲ, ಮಗಳನ್ನು ನೋಡಿದ. ಕ್ಷೀಣ ದನಿಯಲ್ಲಿ ಏನೋ ಕೇಳಿದ, ಮೀನಾ ನನ್ನ ಬಲಗಿವಿಯಲ್ಲಿ ತಿರುಗಿ ಹೇಳಿದಳು: "ಇಲ್ಲಿ ಬಂದು ನನ್ನ ಮುಂದ ಹೇಳಿದ್ರ ಏನ್ ಬಂತು ಅಂತಾನ್ರೀ. ಮಣ್ಣು ತೂರಿದ್ದು ಇಲ್ಲೇನು ಅಂತಾನ."

ಅವನ ಕೈ ಹಿಡಿದು ಕ್ಷಮೆ ಕೇಳಲು ಹೋದೆ. ಕೈ ಹಿಂದಕ್ಕೆ ತೆಗೆದುಕೊಂಡ. "ಅದು ಬ್ಯಾಡ್ರಿ. ಅದು ನನ್ನ ಕೈಲೆ ಆಗಾಂಗಿಲ್ಲ. ಕಟ್ಟಿ ಮುಂದ ಬಂದು ಹೇಳ್ರಿ, ಸಾಕು."

ಒಪ್ಪಿಕೊಂಡು ಬಂದಿದ್ದೇನೆ. ಒಪ್ಪಿಕೊಂಡ ಬಾಯಿಗೇ ಹುಣ್ಣು ಎದ್ದಿದೆ. ಕುರುಗೋಡಿನಲ್ಲಿ ನನ್ನನ್ನು ಕಂಡರೆ ಎದ್ದು ನಿಲ್ಲುವವರಿದ್ದಾರೆ. ಮಗನನ್ನು ಕಳಕೊಂಡ ತಾಯಿ ಎಂದು ಎದ್ದು ನಿಲ್ಲುತ್ತಾರೆ.

ವೀರಭದ್ರಮ್ಮ


ಗಾಂಧಿನಗರ, ಬಳ್ಳಾರಿ
೧೪ ಏಪ್ರಿಲ್ ೨೦೨೫

ಶೀಲಾ,

ಹೋದ ಕಾಗದಕ್ಕೆ ನೀನು ಉತ್ತರ ಬರೆದಿಲ್ಲ. ಬರೆಯಬೇಕೆಂದು ಕೇಳುತ್ತಿಲ್ಲ. ನಡೆದದ್ದನ್ನು ಇದ್ದ ಹಾಗೆ ತಿಳಿಸುವುದು ನನ್ನ ಮೇಲಿದೆ, ತಿಳಿಸುತ್ತೇನೆ.

ನಿನ್ನೆ ಕುರುಗೋಡಿನ ಕಟ್ಟೆಗೆ ಹೋದೆವು. ಮೂಕಪ್ಪನನ್ನು ಮೀನಾ ಬಾಡಿಗೆ ಕಾರಿನಲ್ಲಿ ಕರೆತಂದಿದ್ದಳು. ಇಳಿಯುವ ಶಕ್ತಿ ಇರಲಿಲ್ಲ. ಬಾಗಿಲು ತೆರೆದು, ಕಾಲು ಹೊರಗಿಟ್ಟು ಸೀಟಿನಲ್ಲೇ ಕೂತಿದ್ದ. ಗಾದಿಲಿಂಗಪ್ಪ ಹತ್ತು ಜನರನ್ನು ಕರೆದಿದ್ದ, ನಲವತ್ತು ಜನ ಸೇರಿದ್ದರು. ಅವತ್ತು ಇದ್ದವರಲ್ಲಿ ಬದುಕಿರುವ ಹಿರಿಯ ಜಡೆಪ್ಪ ಒಬ್ಬನೇ, ಕಟ್ಟೆಯ ಮೇಲೆ ಕೂತಿದ್ದ.

ಚೀಲದ ವಿಷಯ ಹೇಳಿದೆ. ಕಟ್ಟಿದ್ದು, ಬಿಚ್ಚಿದ್ದು, ಒಲೆಗೆ ಹಾಕಿದ್ದು. ನಿಂತೇ ಹೇಳಿದೆ.

ಗಾದಿಲಿಂಗಪ್ಪನ ಮುಖ ಕಪ್ಪಿಟ್ಟಿತು. "ಸತ್ತವರೇನು ಹೊಳ್ಳಿ ಬರ್ತಾರೇನು ಅತ್ತಿಗೆಮ್ಮ? ಮನೆತನದ ಮಾತು ಹಿಂಗ ಬೀದ್ಯಾಗ ಯಾಕ ಬೇಕಿತ್ತು?"

ಕಾರಿನಿಂದ ಮೂಕಪ್ಪ ಹೇಳಿದ: "ನಾನು ಸತ್ತಿಲ್ಲಲ್ರಿ ಗೌಡ್ರ. ನನ್ನ ಸಲುವಾಗಿ ಬೇಕಿತ್ತು."

ಮುಗಿಯಿತು ಅಂದುಕೊಂಡೆ. ಅವನು ಬಿಡಲಿಲ್ಲ. ಉಸಿರು ಕೂಡಿಸಿಕೊಂಡು ಕೇಳಿದ. ಈ ಸಲ ಮೀನಾ ನನ್ನ ಕಿವಿಯಲ್ಲಿ ಹೇಳಬೇಕಾಗಲಿಲ್ಲ, ಅವನ ತುಟಿ ನೋಡಿಯೇ ತಿಳಿಯಿತು.

"ಇನ್ನೊಂದೈತಿ ಅಮ್ಮಾರ. ಅವತ್ತು ನಾನು ಜಾಗದಾಗ ಯಾಕ ಇರಲಿಲ್ಲ?"

ಇದನ್ನು ನಿನಗೂ ಬರೆದಿರಲಿಲ್ಲ, ನಿಮ್ಮಮ್ಮನಿಗೂ ಹೇಳಿರಲಿಲ್ಲ. ಮೆಣಸಿನಕಾಯಿ ತುಂಬುವ ಚೀಲಗಳ ಬಾಯಿ ಹೊಲಿಯಲು ಸುತಳಿ ತರಲು ಊರೊಳಗೆ ಹೋಗು ಅಂತ ಅವನನ್ನು ಕಳಿಸಿದವಳು ನಾನು. ಗುಡಿಸಲಲ್ಲಿ ಎರಡು ಉಂಡೆ ಸುತಳಿ ಇತ್ತು. ಅವನು ಇದ್ದರೆ ಕೊಳವೆ ಮುಟ್ಟಲು ಬಿಡುತ್ತಿರಲಿಲ್ಲ, ಅದಕ್ಕೆ ಕಳಿಸಿದೆ. ಅವತ್ತು ಇದೇ ಕಟ್ಟೆಯ ಮುಂದೆ ಅವನು ಕೈಯಲ್ಲಿ ಸುತಳಿ ಹಿಡಿದೇ ನಿಂತಿದ್ದ. "ಅಮ್ಮಾರಽ ಕಳಿಸಿದ್ರು" ಅಂದ. ನಾನು "ಸುಳ್ಳು" ಅಂದೆ. ಒಂದೇ ಮಾತು. ನನ್ನ ಒಂದು ಮಾತಿನ ಮುಂದೆ ಅವನ ಕೈಯಲ್ಲಿದ್ದ ಸುತಳಿಯನ್ನು ಯಾರೂ ನೋಡಲಿಲ್ಲ.

ಅದನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಯಾರೂ ಕೇಳದಿದ್ದದ್ದೂ ಬಾಯಿಗೆ ಬಂತು. ಇಂಜಿನ್ ಕೆಮ್ಮತೊಡಗಿದಾಗ ನಿಮ್ಮಪ್ಪ ಮರದ ಕೆಳಗೆ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. "ಮೂಕಪ್ಪ ಬರಲಿ ತಡಿಯಮ್ಮ, ಅವಗ ಗೊತ್ತಾಗತೈತಿ" ಅಂದ. ನಾನೇ ನಿನ್ನನ್ನು ಅವನ ತೊಡೆಯಿಂದ ಎತ್ತಿಕೊಂಡು, ಇಷ್ಟಕ್ಕೂ ಕೂಲಿಯವನ ದಾರಿ ಕಾಯುತ್ತೀಯೇನೋ, ಇಳಿದು ಬಂದ್ ಮಾಡು ಅಂದೆ. ಅವನು ನಗುತ್ತಲೇ ಎದ್ದ.

ನಿಮ್ಮಮ್ಮ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ನಾನು ತಿರುಗಿ ನೋಡಲಿಲ್ಲ.

ಜಡೆಪ್ಪ ಕಟ್ಟೆಯಿಂದ ಇಳಿದು, ಕೋಲೂರಿಕೊಂಡು ಕಾರಿನ ಹತ್ತಿರ ಹೋದ. "ಏನ್ ಮಾಡೋಣಪ್ಪ ಮೂಕಪ್ಪ, ಈಗೇನ್ ಮಾಡೋಣ ಹೇಳು," ಅಂದ.

ಮೂಕಪ್ಪ ಸೇರಿದ ಜನರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ. ಬಹಳ ಮಂದಿ ಆಗ ಹುಟ್ಟಿರದವರು. "ಏನೂ ಮಾಡಬ್ಯಾಡ್ರಿ," ಅಂದ. "ಜಾಯಿಂಟು ಸರಿ ಇತ್ತು. ಅಷ್ಟು ತಿಳಕೊಳ್ರಿ. ನಾನು ಕೂಡಿಸಿದ ಜಾಯಿಂಟು ಸರಿ ಇತ್ತು." ಇನ್ನೊಮ್ಮೆ ಹೇಳಿದ. ಆಮೇಲೆ ಕಾಲು ಒಳಗೆ ತೆಗೆದುಕೊಂಡ. ಮೀನಾ ಬಾಗಿಲು ಹಾಕಿದಳು. ಕಾರು ಸಿರುಗುಪ್ಪದ ಕಡೆ ತಿರುಗಿತು. ನನ್ನ ಕಡೆ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ.

ಗಾದಿಲಿಂಗಪ್ಪ ಮನೆಗೆ ಕರೆಯಲಿಲ್ಲ. ನಾವಿಬ್ಬರೂ ಬಸ್ಸಿನ ದಾರಿ ಹಿಡಿದೆವು. ನಿಮ್ಮಮ್ಮ ಮುಂದಿನ ಸೀಟಿನಲ್ಲಿ ಕೂತಳು, ನಾನು ಹಿಂದೆ. ಕೊಳಗಲ್ಲಿನಲ್ಲಿ ಅವಳ ಪಕ್ಕದ ಹೆಂಗಸು ಇಳಿದಳು. ಆ ಜಾಗ ಖಾಲಿ ಇತ್ತು. ನಾನು ಎದ್ದು ಹೋಗಲಿಲ್ಲ.

ಬಳ್ಳಾರಿಯಲ್ಲಿ ಬಸ್ಸು ಪ್ಲಾಟ್‌ಫಾರಮ್ಮಿನಿಂದ ದೂರ ನಿಂತಿತು, ಮೆಟ್ಟಿಲು ಎತ್ತರ. ನಿಮ್ಮಮ್ಮ ಮೊದಲು ಇಳಿದಳು, ನಾಲ್ಕು ಹೆಜ್ಜೆ ಹೋದಳು, ತಿರುಗಿ ಬಂದಳು. ಕೈ ಚಾಚಿದಳು. ನಾನು ಹಿಡಿದುಕೊಂಡು ಇಳಿದೆ. ನನ್ನ ಎರಡೂ ಕಾಲು ನೆಲಕ್ಕೆ ತಾಗಿದ ಮೇಲೆ ಕೈ ಬಿಟ್ಟಳು.

ವೀರಭದ್ರಮ್ಮ